ಕರ್ಚೀಫಿಗೆ ಕಟ್ಟಿದ ಚಾಕು: ಗಾಲ್ಫ್ ಬೀಸಿನ ಕಾಲು ಸೆಕೆಂಡಿನ ಕಥೆ

ಈ ವಾರ ರಾಜರಿಲ್ಲ, ಯುದ್ಧ ಸ್ವಲ್ಪ ಇದೆ. ಹೇಳ್ತಿರೋದು ಕಾಲು ಸೆಕೆಂಡಿನ ಇತಿಹಾಸ.

ನಾನು ಬಿ.ಕಾಂ. ಓದಿದವನು. ಗಾಲ್ಫ್ ನಮ್ಮ ಮನೆ ಕಡೆಯ ಆಟ ಅಲ್ಲವೇ ಅಲ್ಲ. ಹೋದ ವರ್ಷ ಗೆಳೆಯನೊಬ್ಬ ಬೆಂಗಳೂರಿನ ಹೊರವಲಯದ ಒಂದು ಡ್ರೈವಿಂಗ್ ರೇಂಜಿಗೆ ಕರ್ಕೊಂಡು ಹೋದ. ಒಂದು ಬುಟ್ಟಿ ಚೆಂಡು ತಗೊಂಡೆ. ಹೊಡೆದಿದ್ದೆಲ್ಲ ಬಲಗಡೆ ಬೇಲಿ ಹತ್ರ ಹೋಗಿ ಬಿತ್ತು. ಪಕ್ಕದಲ್ಲಿ ಅಭ್ಯಾಸ ಮಾಡ್ತಿದ್ದ ಹಿರಿಯರೊಬ್ಬರು ನೋಡಿ ನೋಡಿ ಸಾಕಾಗಿ ಹೇಳಿದ್ರು: "ಮರಿ, ಕೋಲು ಇನ್ನೂ ಮೇಲೆ ಹೋಗಿ ಮುಗಿದಿಲ್ಲ. ನಿನ್ನ ಕೈ ಆಗಲೇ ಹೊಡೆಯೋಕೆ ಹೊರಟುಬಿಟ್ಟಿದೆ."

ಆ ಮಾತಿನ ಹಿಂದೆ ಬಿದ್ದಾಗ ಸಿಕ್ಕ ಕಥೆ ಇದು.

ಮೊದಲು ಎರಡು ಪದ. ಕೋಲನ್ನು ಹಿಂದಕ್ಕೆ, ಮೇಲಕ್ಕೆ ಎತ್ತೋದು ಬ್ಯಾಕ್‌ಸ್ವಿಂಗ್. ಅಲ್ಲಿಂದ ಚೆಂಡಿಗೆ ಇಳಿಯೋದು ಡೌನ್‌ಸ್ವಿಂಗ್. ತೊಂದರೆ ಇರೋದು ಇವೆರಡರ ನಡುವಿನ ತಿರುವಿನಲ್ಲಿ. ಮಕ್ಕಳ ಜೋಕಾಲಿ ತಳ್ಳಿದ್ದೀರಲ್ಲ? ಅದು ಪೂರ್ತಿ ಹಿಂದಕ್ಕೆ ಬರೋ ಮುಂಚೆ ತಳ್ಳಿದರೆ ಹಗ್ಗ ಸಡಿಲವಾಗಿ ಮಗು ಅಲ್ಲಾಡಿಹೋಗುತ್ತೆ. ಗಾಲ್ಫಿನಲ್ಲೂ ಅದೇ.

ಹಳೇ ಕಾಲದವರಿಗೆ ಈ ಪಾಠವನ್ನು ಕೋಲೇ ಹೇಳಿಕೊಡ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಗಾಲ್ಫ್ ಕೋಲು ಅಂದ್ರೆ ಹಿಕರಿ ಅನ್ನೋ ಮರದ್ದು. ಹಿಕರಿ ಬಾಗುತ್ತೆ, ಜೊತೆಗೆ ತಿರುಚಿಕೊಳ್ಳುತ್ತೆ ಕೂಡ. ಮೇಲಿನಿಂದ ಜಗ್ಗಿ ಎಳೆದರೆ ಕೋಲಿನ ತಲೆ ಎತ್ತಲೋ ಮುಖ ಮಾಡುತ್ತೆ, ಚೆಂಡು ಇನ್ನೆತ್ತಲೋ ಹೋಗುತ್ತೆ. ಆತುರಕ್ಕೆ ಅಲ್ಲೇ ದಂಡ.

ಈಗ ನಮ್ಮ ಕಥಾನಾಯಕ, ಅರ್ನೆಸ್ಟ್ ಜೋನ್ಸ್. ಇಂಗ್ಲೆಂಡಿನ ಚಿಸಲ್‌ಹರ್ಸ್ಟ್ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸಿ ಹೊಟ್ಟೆ ಹೊರೀತಿದ್ದ ಮನುಷ್ಯ. ಮೊದಲ ಮಹಾಯುದ್ಧ ಬಂತು, ಸೈನ್ಯಕ್ಕೆ ಸೇರಿದರು. 1916ರಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡು ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರು.

ಸ್ವಲ್ಪ ಯೋಚನೆ ಮಾಡಿ. ಕಾಲು ಹೀಗಿಡು, ಭಾರ ಇಲ್ಲಿಂದ ಅಲ್ಲಿಗೆ ದಾಟಿಸು ಅಂತ ಹೇಳಿಕೊಡೋದೇ ಕಸುಬಾಗಿದ್ದ ಆಟದಲ್ಲಿ, ಗುರುವಿಗೇ ಒಂದು ಕಾಲಿಲ್ಲ. ಹೋಗಿದ್ದು ಕಾಲು ಮಾತ್ರ ಅಲ್ಲ, ಅನ್ನದ ದಾರಿ ಕೂಡ ಅಂತ ಯಾರಿಗಾದರೂ ಅನಿಸೋದೇ. ಆದ್ರೆ ಅದೇ ವರ್ಷ ಅವರು ಒಂಟಿ ಕಾಲಲ್ಲಿ ರಾಯಲ್ ನಾರ್ವಿಚ್ ಮೈದಾನಕ್ಕೆ ಹೋಗಿ ಹದಿನೆಂಟು ಕುಳಿಗಳನ್ನು 83 ಹೊಡೆತದಲ್ಲಿ ಮುಗಿಸಿದರು. ಎರಡೂ ಕಾಲು ಗಟ್ಟಿಯಾಗಿರೋ ಹವ್ಯಾಸಿಗಳು ಜೀವನವಿಡೀ ಆಡಿದರೂ ಎಷ್ಟೋ ಜನರಿಗೆ ದಕ್ಕದ ಅಂಕ ಅದು.

ಇದರಿಂದ ಜೋನ್ಸ್ ಒಂದು ತೀರ್ಮಾನಕ್ಕೆ ಬಂದರು: ಕಾಲು, ಸೊಂಟ, ಭುಜ ಅಂತ ದೇಹದ ಒಂದೊಂದು ಭಾಗಕ್ಕೂ ಆಜ್ಞೆ ಕೊಡೋದು ಬೇಡ. ಕೋಲಿನ ತಲೆಯನ್ನು ಬೀಸೋದು ಕಲಿತರೆ ದೇಹ ತಾನಾಗಿ ಹಿಂಬಾಲಿಸುತ್ತೆ. ಅದನ್ನು ತೋರಿಸೋಕೆ ಅವರು ಬಳಸಿದ್ದು ಕರ್ಚೀಫಿನ ತುದಿಗೆ ಕಟ್ಟಿದ ಒಂದು ಜೇಬು ಚಾಕು.

ಹಳ್ಳಿ ಕಡೆಯವರಿಗೆ ಕವಣೆ ಗೊತ್ತಿರುತ್ತೆ. ಹೊಲಕ್ಕೆ ಬಂದ ಹಕ್ಕಿ ಓಡಿಸೋಕೆ ಕಲ್ಲು ಬೀಸೋದು. ತತ್ವ ಅದೇ. ಹದವಾಗಿ ಬೀಸಿದರೆ ಬಟ್ಟೆ ಬಿಗಿಯಾಗಿರುತ್ತೆ, ಚಾಕು ಗುಂಡಗೆ ಸುತ್ತುತ್ತೆ. ತಿರುವಿನಲ್ಲಿ ಅವಸರಪಟ್ಟು ಕೈ ಜಗ್ಗಿದರೆ ಬಟ್ಟೆ ಸಡಿಲ, ಚಾಕು ಅಲ್ಲೇ ತತ್ತರಿಸುತ್ತೆ. ಸುಳ್ಳು ಹೇಳೋಕಾಗಲ್ಲ. ಮುಂದೆ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಕಟ್ಟಡದೊಳಗೇ ಪಾಠ ಮಾಡಿದರು. ಅವರ ಶಿಷ್ಯೆ ವರ್ಜೀನಿಯಾ ವಾನ್ ವೀ 1932ರಿಂದ 1934ರವರೆಗೆ ಸತತ ಮೂರು ವರ್ಷ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್.

ಇದೇ ಕಾಲದಲ್ಲಿ ಇನ್ನೊಬ್ಬ ಜೋನ್ಸ್ ಇದ್ದರು, ಅಟ್ಲಾಂಟಾದ ವಕೀಲ ಬಾಬಿ ಜೋನ್ಸ್. 1930ರಲ್ಲಿ, ಇಪ್ಪತ್ತೆಂಟನೇ ವಯಸ್ಸಲ್ಲಿ, ಬ್ರಿಟನ್ನಿನ ಮತ್ತು ಅಮೆರಿಕದ ಓಪನ್, ಅಮೆಚೂರ್ ನಾಲ್ಕನ್ನೂ ಒಂದೇ ವರ್ಷ ಗೆದ್ದರು. ಹಿಂದಿನ ವರ್ಷವಷ್ಟೇ ಬ್ರಿಟನ್ನಿನ ಆರ್ ಅಂಡ್ ಎ ಸ್ಟೀಲ್ ಕೋಲಿಗೆ ಒಪ್ಪಿಗೆ ಕೊಟ್ಟಿತ್ತು. ಬಾಬಿ ಗೆದ್ದಿದ್ದು ಹಿಕರಿಯಲ್ಲೇ. 1931ರಲ್ಲಿ ವಾರ್ನರ್ ಬ್ರದರ್ಸ್ ಅವರ ಆಟದ ಮೇಲೆ ಕಿರುಚಿತ್ರಗಳನ್ನು ತೆಗೆಯಿತು. ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ: ಕೋಲು ಇನ್ನೂ ಹಿಂದಕ್ಕೆ ಹೋಗ್ತಿರುವಾಗಲೇ ಸೊಂಟ ಗುರಿಯ ಕಡೆ ತಿರುಗೋಕೆ ಶುರುವಾಗಿರುತ್ತೆ. ಕೈಗೆ ಮಾತ್ರ ಆತುರವೇ ಇಲ್ಲ. ಕೆಳಗಿನದು ಮೊದಲು, ಕೈ ಆಮೇಲೆ.

ಸ್ಟೀಲ್ ಬಂದ ಮೇಲೆ ಕೋಲು ಅಷ್ಟು ತಿರುಚಿಕೊಳ್ಳೋದು ನಿಂತಿತು. ಆತುರಕ್ಕೆ ದಂಡ ಕಡಿಮೆ ಆಯ್ತು, ಆದ್ರೆ ಪೂರ್ತಿ ಹೋಗಲಿಲ್ಲ. ಯಾಕೆ ಅಂತ 1968ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಬ್ರಿಟನ್ನಿನಲ್ಲಿ ನಡೆದ ವೈಜ್ಞಾನಿಕ ಅಧ್ಯಯನವನ್ನು ಪುಸ್ತಕವಾಗಿ ತಂದಾಗ ಸ್ಪಷ್ಟವಾಯ್ತು. ಅವರ ಮಾದರಿಯಲ್ಲಿ ತೋಳು ಒಂದು ಸನ್ನೆ, ಕೋಲು ಇನ್ನೊಂದು, ನಡುವೆ ಮಣಿಕಟ್ಟು ಕೀಲು. ಆ ಕೀಲು ತಡವಾಗಿ ಬಿಚ್ಚಿಕೊಂಡರೆ ವೇಗವೆಲ್ಲ ಚೆಂಡಿನ ಹತ್ರ ಬರುತ್ತೆ. ಮೇಲೇನೇ ಬಿಚ್ಚಿದರೆ ಚೆಂಡು ಮುಟ್ಟೋ ಮುಂಚೆಯೇ ಖರ್ಚಾಗಿಹೋಗುತ್ತೆ. ನಮ್ಮ ಕಾಮರ್ಸ್ ಭಾಷೇಲಿ, ಮೆಚ್ಯೂರಿಟಿಗೆ ಮೊದಲೇ ಎಫ್‌ಡಿ ಮುರಿಸಿದ ಹಾಗೆ.

ಹಾಗಾದ್ರೆ ನಿಧಾನವಾಗಿ ಬೀಸಬೇಕಾ? ನಾನೂ ಹಾಗೇ ಅಂದ್ಕೊಂಡಿದ್ದೆ. 2004ರಲ್ಲಿ ಜಾನ್ ನೊವೊಸೆಲ್ 'ಟೂರ್ ಟೆಂಪೋ' ಪುಸ್ತಕದಲ್ಲಿ ವಿಡಿಯೋ ಫ್ರೇಮ್‌ಗಳ ಲೆಕ್ಕ ಕೊಟ್ಟರು. ಸೆಕೆಂಡಿಗೆ 30 ಫ್ರೇಮ್. ದೊಡ್ಡ ಆಟಗಾರರ ಬ್ಯಾಕ್‌ಸ್ವಿಂಗ್ 27 ಫ್ರೇಮ್ ಆದರೆ ಡೌನ್‌ಸ್ವಿಂಗ್ 9, 24ಕ್ಕೆ 8, 21ಕ್ಕೆ 7. ಎಲ್ಲಾ ಮೂರಕ್ಕೆ ಒಂದು. ಇಳಿಯೋಕೆ ತಗೊಳ್ಳೋದು ಹೆಚ್ಚುಕಡಿಮೆ ಕಾಲು ಸೆಕೆಂಡ್. ನೋಡೋಕೆ ನಿಧಾನ ಅನಿಸೋ ಬೀಸು ನಿಜಕ್ಕೂ ನಿಧಾನವಾಗಿಲ್ಲ, ಅದು ತಾಳದಲ್ಲಿದೆ. ತಾಳ ಕೆಟ್ಟರೆ ವಿಳಂಬದಲ್ಲಿ ಹಾಡಿದರೂ ಅಪಸ್ವರವೇ.

ಅಲ್ಲಿಗೆ ಒಂದು ಕಾಲಿನ ಗುರು ಚಾಕು ಕಟ್ಟಿ ತೋರಿಸಿದ್ದನ್ನೇ ಮುಂದಿನವರು ಸನ್ನೆಯ ಲೆಕ್ಕ ಹಾಕಿ, ಫ್ರೇಮ್ ಎಣಿಸಿ ಮತ್ತೆ ಹೇಳಿದ ಹಾಗಾಯ್ತು.

ನಾನೀಗ ಸ್ಕೂಟರ್ ಕೀಗೊಂಚಲನ್ನು ಕರ್ಚೀಫಿಗೆ ಕಟ್ಟಿ ರೋಜ಼ು ಹತ್ತು ನಿಮಿಷ ಬೀಸ್ತೀನಿ. ಹೋದ ಭಾನುವಾರ ಬುಟ್ಟಿಯಲ್ಲಿ ಅರ್ಧದಷ್ಟು ಚೆಂಡು ನೇರ ಹೋಯ್ತು. ಉಳಿದರ್ಧ ಬೇಲಿಗೇ. ಆ ಹಿರಿಯರು ತಲೆಯಾಡಿಸಿದ್ರು, ಅಷ್ಟು ಸಾಕು. ನೀವೂ ಮಾಡಿ ನೋಡಿ, ಗಂಟು ಮಾತ್ರ ಭದ್ರವಾಗಿ ಕಟ್ಟಿ. ನಮ್ಮನೇಲಿ ಈಗಾಗಲೇ ಒಂದು ಟ್ಯೂಬ್‌ಲೈಟ್ ಹೋಗಿದೆ.

ಮುಂದಿನ ವಾರ ಸಿಗೋಣ.