ಮಣ್ಣು ಬೆರೆತರೂ ಮಸುಕಾಗದ ಹಾಳೆ

ಪ್ಲಾಸ್ಟಿಕ್ಕಿಗೆ ಮಣ್ಣು ಬೆರೆಸುವುದು ಹೊಸದೇನಲ್ಲ. ಬೆಲೆ ಇಳಿಸಲು, ಗಡಸುತನ ಹೆಚ್ಚಿಸಲು ಕಾರ್ಖಾನೆಗಳು ಸುಣ್ಣದಕಲ್ಲಿನ ಪುಡಿ, ಟಾಲ್ಕ್, ಜೇಡಿಮಣ್ಣು ಸೇರಿಸುತ್ತಲೇ ಬಂದಿವೆ. ಆದರೆ ಈ ಕಣಗಳು ಬೆಳಕನ್ನು ಚದುರಿಸುತ್ತವೆ, ಹಾಳೆ ಮಂಜಾಗುತ್ತದೆ. ನನ್ನ ಪಿಎಚ್.ಡಿ.ಯ ಮೊದಲ ವರ್ಷದ ಹಾಳೆಗಳೆಲ್ಲ ಹೀಗೇ ನೀರು ಹಾಲಿನ ಬಣ್ಣಕ್ಕೆ ತಿರುಗಿದ್ದವು. ತಪ್ಪೆಲ್ಲಿ ಎಂದು ಹಳೆಯ ಪ್ರಬಂಧಗಳನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಕಥೆ.

ಕಥೆಯ ನಾಯಕ ಮಾಂಟ್‌ಮೊರಿಲೊನೈಟ್. 1847ರಲ್ಲಿ ಫ್ರಾನ್ಸಿನ ಊರೊಂದರ ಹೆಸರು ಪಡೆದ ಜೇಡಿ ಖನಿಜ. ಇದರ ಒಂದು ಪದರದ ದಪ್ಪ ಸುಮಾರು 1 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೊಮೀಟರ್. ಹಾಗಾಗಿ ಒಂಟಿ ಪದರ ಬೆಳಕನ್ನು ತಡೆಯುವುದು ತೀರಾ ಕಡಿಮೆ. ತೊಂದರೆ ಶುರುವಾಗುವುದು ಪದರಗಳು ನೆನೆದ ಪುಸ್ತಕದ ಪುಟಗಳಂತೆ ಅಂಟಿಕೊಂಡು ಗಂಟಾದಾಗ. ಮುಖ್ಯವಾದದ್ದು ಬೆರೆಸುವುದಲ್ಲ, ಬಿಡಿಸುವುದು.

1960ರ ದಶಕದಲ್ಲೇ ಬ್ಲುಮ್‌ಸ್ಟೈನ್ ಈ ಪದರಗಳ ನಡುವೆ ಪಾಲಿಮರ್ ಬೆಳೆಸಿ, ಅದು ಹೆಚ್ಚು ಶಾಖ ತಾಳುತ್ತದೆಂದು ತೋರಿಸಿದ್ದರು. ಉದ್ಯಮದ ಕಣ್ಣು ತೆರೆಯಲು 1980ರ ದಶಕ ಬರಬೇಕಾಯಿತು. ಜಪಾನಿನ ಟೊಯೋಟಾ ಸಂಶೋಧನಾಲಯದಲ್ಲಿ ಫುಕುಶಿಮಾ, ಒಕಾಡಾ, ಉಸುಕಿ ಮುಂತಾದವರು ಪದರಗಳ ನಡುವಿನ ಸೋಡಿಯಂ ಅಯಾನುಗಳನ್ನು ತೆಗೆದು, ಆ ಜಾಗಕ್ಕೆ ಉದ್ದನೆಯ ಅಮೈನೊ ಆಮ್ಲವನ್ನು ತಂದರು. ಆಮೇಲೆ ಕ್ಯಾಪ್ರೊಲ್ಯಾಕ್ಟಮ್ ಒಳನುಗ್ಗಿತು. ಕಾಯಿಸಿದಾಗ ಅದೇ ನೈಲಾನ್ ಸರಪಳಿಯಾಗಿ ಬೆಳೆದು ಪದರಗಳನ್ನು ದೂರ ತಳ್ಳಿತು. ಶೇ. 5ಕ್ಕೂ ಕಡಿಮೆ ಮಣ್ಣಿನಿಂದ, ಭಾರ ಹೊತ್ತ ನೈಲಾನ್ ಬಾಗುವ ಉಷ್ಣತೆ 65 ಡಿಗ್ರಿಯ ಆಸುಪಾಸಿನಿಂದ 140 ದಾಟಿತು. 1990ರ ದಶಕದ ಆರಂಭದಲ್ಲಿ ಇದು ಕಾರಿನ ಟೈಮಿಂಗ್ ಬೆಲ್ಟಿನ ಮುಚ್ಚಳವಾಯಿತು. ಎಂಜಿನ್ನಿನ ಮುಚ್ಚಳದ ಮೂಲಕ ಯಾರೂ ಇಣುಕಬೇಕಿಲ್ಲ. ಪಾರದರ್ಶಕತೆ ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಆ ಪ್ರಶ್ನೆಗೆ ದಾರಿ ತೋರಿದ್ದು ಕಪ್ಪೆಚಿಪ್ಪು. ಅದರ ಒಳಮೈಯಲ್ಲಿ ಖನಿಜದ ಬಿಲ್ಲೆಗಳು ಇಟ್ಟಿಗೆಯಂತೆ, ಪ್ರೋಟೀನು ಗಾರೆಯಂತೆ ಜೋಡಿಸಿಕೊಂಡಿರುತ್ತವೆ. 2007ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ನಿಕೊಲಸ್ ಕೊಟೊವ್ ತಂಡ ಗಾಜನ್ನು ಒಮ್ಮೆ ಪಾಲಿವಿನೈಲ್ ಆಲ್ಕೊಹಾಲಿನಲ್ಲಿ, ಒಮ್ಮೆ ಜೇಡಿ ನೀರಿನಲ್ಲಿ ಅದ್ದುತ್ತ ಈ ಗೋಡೆಯನ್ನು ಕಟ್ಟಿತು. 300 ಸುತ್ತು ಅದ್ದಿದ ಮೇಲೂ ಹಾಳೆಯ ದಪ್ಪ ಮೈಕ್ರೊಮೀಟರುಗಳ ಲೆಕ್ಕದಲ್ಲೇ ಇತ್ತು. ಮಣ್ಣಿನ ಪಾಲು ಬಹಳವಿದ್ದರೂ ಹಾಳೆ ತಿಳಿಯಾಗಿತ್ತು, ಅಸಾಧಾರಣ ಗಟ್ಟಿಯೂ ಆಗಿತ್ತು.

ಇಷ್ಟು ತಾಳ್ಮೆ ಯಾವ ಕಾರ್ಖಾನೆಗೂ ಕಷ್ಟ. ಆದರೆ ನನ್ನ ತಪ್ಪು ನನಗೆ ತಿಳಿಯಿತು: ಮಣ್ಣು ನೀರಿನಲ್ಲಿ ಬಿಡಿಬಿಡಿಯಾಗುವ ಮೊದಲೇ ನಾನು ಪಾಲಿಮರ್ ಸುರಿಯುತ್ತಿದ್ದೆ. ಈಗ ಒಂದು ಇಡೀ ದಿನ ಕಲಕುತ್ತೇನೆ. ಕಳೆದ ವಾರ ಒಣಗಿದ ಹಾಳೆಯನ್ನು ನೋಟ್‌ಬುಕ್ಕಿನ ಮೇಲಿಟ್ಟೆ. ಕೆಳಗಿನ ಅಕ್ಷರಗಳನ್ನು ಓದಲು ಸಾಧ್ಯವಾಯಿತು.