ಗಿರಣಿ ಅರಿವಿ, ಊರ ಹೊಲಿಗೆ

ಮುಂಬಯಿ ಕನ್ನಡಿಗರ ಇತಿಹಾಸ ಅಂದಕೂಡಲೆ ಹೋಟೆಲು, ರಾತ್ರಿಶಾಲೆ, ಸಂಘಗಳ ಮಾತು ಬರುತ್ತದೆ. ಹೆಂಗಸರು ಹೊಲಿದ ಕೌದಿಯ ಮಾತನ್ನು ಯಾರೂ ಎತ್ತುವುದಿಲ್ಲ. ಐವತ್ತು ವರ್ಷ ಇಲ್ಲಿ ಕೌದಿ ಹೊಲಿದವಳು ನಾನು. ಆ ಲೆಕ್ಕವೂ ಒಂದಿಷ್ಟು ದಾಖಲಾಗಲಿ.

ಮುಂಬಯಿಯ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗೆ 1956ರವರೆಗೂ ಮುಂಬಯಿಯೇ ರಾಜಧಾನಿ. ಮಳೆ ಕೈಕೊಟ್ಟ ವರ್ಷ ಗಂಡಸರು ಕೂಲಿಗೆಂದು ಇತ್ತ ಬರುತ್ತಿದ್ದರು. ಗಂಟಿನಲ್ಲಿ ಕಟಿರೊಟ್ಟಿ, ಹೆಗಲ ಮೇಲೆ ಕೌದಿ.

ಬಾದಾಮಿ ಕಡೆಯ ಹಳ್ಳಿಯಲ್ಲಿ ನನಗೆ ಸೂಜಿ ಹಿಡಿಸಿದವಳು ಅವ್ವ. ಹಳೇ ಅರಿವಿಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ, ಸುತ್ತುತ್ತ ನಡುವಿಗೆ ಬಂದು ಮುಗಿಸಬೇಕು. "ಹೊಲಿಗಿ ಸಣ್ಣ ಹಾಕವ್ವ, ಹೊಳ್ಯಾಗ ಬಡದು ಒಗದ್ರೂ ಪದರ ಸರೀಬಾರದು" ಅನ್ನೋಳು.

1974ರಲ್ಲಿ ಮದುವೆಯಾಗಿ ಪರೇಲಿನ ಚಾಳಿಗೆ ಬಂದೆ. ಖೋಲಿಯಲ್ಲಿ ಕೌದಿ ಹಾಸಲು ಜಾಗವಿಲ್ಲ. ಗಂಡಸರು ಪಾಳಿಗೆ ಹೋದಮೇಲೆ ಗ್ಯಾಲರಿಯಲ್ಲಿ ಹಾಸುತ್ತಿದ್ದೆವು. ನೆರೆಯ ಮರಾಠಿ ಬಾಯಿಯರು ಅದನ್ನು ಗೋಧಡಿ ಅಂದರು. ಹೆಸರು ಬೇರೆ, ಹೊಲಿಗೆ ಒಂದೇ. ಅವರ ಒಂಬತ್ತು ಗಜದ ಸೀರೆ, ನಮ್ಮ ಇಳಕಲ್ಲು ಸೀರೆ, ಗುಳೇದಗುಡ್ಡದ ಖಣ, ಗಿರಣಿಯ ತುಂಡು ಅರಿವಿ ಎಲ್ಲ ಒಂದೇ ಕೌದಿಯಲ್ಲಿ ಕೂಡಿದವು. ತುಂಡುಗಳ ಗಂಟು ಕಟ್ಟಿ ಊರಿಗೂ ಕಳಿಸುತ್ತಿದ್ದೆ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತನದಲ್ಲಿ ಸಂಪು ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗುಳಿದರು, ನಮ್ಮ ಮನೆಯವರೂ ಸೇರಿ. ತಿಂಗಳುಗಳು ಕಳೆದವು, ಪಗಾರ ಇಲ್ಲ. ಚಾಳಿನ ಎಷ್ಟೋ ಖೋಲಿಗಳಿಗೆ ಬೀಗ ಬಿತ್ತು. "ಊರಿಗೆ ಹೋಗೂಣು" ಅಂದರು ಇವರು. "ಅಲ್ಲೇನೈತ್ರಿ? ಎರಡೆಕರೆ ಹೊಲ, ಅದಕ್ಕೂ ಮಳಿಲ್ಲ" ಅಂದೆ.

ಅಲ್ಲಿಯತನಕ ಕೌದಿಗೆ ರೊಕ್ಕ ಕೇಳುವುದು ನಾಚಿಕೆಯ ಮಾತು. ಬಾಣಂತಿಗೆ ಹೊಲಿದುಕೊಟ್ಟರೆ ಒಂದು ಕುಪ್ಪಸ, ಒಂದು ಮೊರ ಜೋಳ, ಅಷ್ಟೇ. ಆ ವರ್ಷ ದಾದರಿನ ಮನೆಮನೆಗೆ ಹೋಗಿ ಹಳೇ ಸೀರೆ ತಂದೆ, ಹೊಲಿದೆ, ಮೊದಲ ಸಲ ಬಾಯಿಬಿಟ್ಟು ರೊಕ್ಕ ಕೇಳಿದೆ. ಖೋಲಿಯ ಭಾಡಿಗೆ ಅದರಿಂದಲೇ ಹೋಯಿತು. ಇವರ ಗಿರಣಿ ಮತ್ತೆ ತೆರೆಯಲೇ ಇಲ್ಲ.

ಕೌದಿ ಸವೆದರೆ ಎಸೆಯುವ ಪದ್ಧತಿ ನಮ್ಮಲ್ಲಿಲ್ಲ, ಹೊಸದರ ಒಡಲೊಳಗೆ ಇಟ್ಟು ಹೊಲಿಯುತ್ತೇವೆ. ಊರಲ್ಲಿ ಓದುತ್ತಿರುವ ನಿಮ್ಮ ಮನೆಯಲ್ಲೂ ಅಜ್ಜಿಯ ಕೌದಿ ಇರಬಹುದು. ಬಿಸಿಲಿಗೆ ಹಾಕಿದಾಗ ಹರಿದ ಕಡೆ ಒಳಗಿನ ಪದರ ಸ್ವಲ್ಪ ನೋಡಿರಿ. ಗಿರಣಿ ಅರಿವಿಯ ತುಂಡೊಂದು ಸಿಕ್ಕರೆ, ಅದನ್ನು ಯಾರು ಕಳಿಸಿದ್ದರೆಂದು ಮನೆಯ ಹಿರಿಯರನ್ನು ಕೇಳಿರಿ.