ಕಲ್ಲಿನಿಂದ ಜೇನಿನವರೆಗೆ: ಕಲ್ಯಾಣದ ನೆಲದಲ್ಲಿ ಹವ್ಯಾಸಿ ಛಾಯಾಗ್ರಹಣ

ಬಸವಕಲ್ಯಾಣದ ಫೋಟೊ ಎಂದರೆ ಕೋಟೆಯ ಬಾಗಿಲು, ಅನುಭವ ಮಂಟಪ, 108 ಅಡಿ ಎತ್ತರದ ಬಸವಣ್ಣನ ಮೂರ್ತಿ. ಹುಮನಾಬಾದ್ ಎಂದರೆ ವೀರಭದ್ರೇಶ್ವರನ ತೇರು, ಮಾಣಿಕನಗರದ ಗುಡಿ, ಜಲಸಂಗಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ. ಈ ಚಿತ್ರಗಳಿಗೆ ಬರವಿಲ್ಲ. ಆದರೆ ಬೀದರ್ ಜಿಲ್ಲೆಯ ಇದೇ ಎರಡು ತಾಲ್ಲೂಕುಗಳಲ್ಲಿ ತೊಗರಿ ಹೂ ಬಿಟ್ಟಾಗ ಹೊಲಕ್ಕೆ ಯಾವ ಯಾವ ಜೇನು ಬರುತ್ತದೆ, ಮೊದಲ ಮಳೆಗೆ ಜಂಬಿಟ್ಟಿಗೆಯ ಕೆಂಪು ನೆಲ ಹೇಗೆ ಬಣ್ಣ ತಿರುಗುತ್ತದೆ, ಸಂತೆಯ ದಿನ ಬೆಳಗಿನ ಜಾವ ಬಸ್ ನಿಲ್ದಾಣ ಹೇಗಿರುತ್ತದೆ ಎಂದು ತೋರಿಸುವ ಚಿತ್ರ ಬೇಕೆಂದರೆ ಹುಡುಕಾಡಬೇಕು. ಆ ಚಿತ್ರಗಳನ್ನು ತೆಗೆಯಬಲ್ಲವರು ಊರಲ್ಲೇ ಇರುವ ಹವ್ಯಾಸಿಗಳು. ಅವರ ಕೈಗೆ ಕ್ಯಾಮೆರಾ ಬಂದ ದಾರಿ ಉದ್ದದ್ದು. ಅದನ್ನು ಒಮ್ಮೆ ಹಿಂದಿರುಗಿ ನೋಡುವುದು ಈ ಲೇಖನದ ಉದ್ದೇಶ.

ಕನ್ನಡ ನೆಲದಲ್ಲಿ ಕ್ಯಾಮೆರಾ ಹಿಡಿದ ಮೊದಲಿಗರಲ್ಲಿ ಹೆಚ್ಚಿನವರು ಕಂಪನಿ ಸರ್ಕಾರದ ಸೇನಾಧಿಕಾರಿಗಳು, ವೈದ್ಯರು. ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಬಂದ. 1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಯ ಗುಡಿ ಮಂಟಪಗಳನ್ನು ಮೇಣ ಹಾಕಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಇಳಿಸಿಕೊಂಡ. ಅದೇ ಕಾಲಕ್ಕೆ ಥಾಮಸ್ ಬಿಗ್ಸ್ ಮತ್ತು ಡಾಕ್ಟರ್ ಪಿಗೌ ಧಾರವಾಡ, ವಿಜಯಪುರ ಸೀಮೆಗಳನ್ನು ಸುತ್ತಿದರು. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥಗಳಾಗಿ ಅಚ್ಚಾದಾಗ ಅವಕ್ಕೆ ಇತಿಹಾಸ ಬರೆದುಕೊಟ್ಟವನು ಮೆಡೋಸ್ ಟೇಲರ್. ಸುರಪುರವನ್ನೂ ನಳದುರ್ಗವನ್ನೂ ಆಳಿದ್ದ ಅವನಿಗೆ ಈ ಭಾಗದ ಮಣ್ಣು ಚೆನ್ನಾಗಿ ಗೊತ್ತಿತ್ತು. ಗ್ರೀನ್‌ಲಾ ತೆಗೆದ ನೆಗೆಟಿವ್‌ಗಳು ನೂರು ವರ್ಷಕ್ಕೂ ಮಿಕ್ಕಿ ಮರೆಯಲ್ಲಿದ್ದವು. ಅವು ಬೆಳಕಿಗೆ ಬಂದ ಮೇಲೆ, 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಹಂಪಿಯಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಅದೇ ದೃಶ್ಯಗಳನ್ನು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರಕ್ಕೆ ರಿಪೇರಿಯಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಒಂದೇ ಜಾಗದಲ್ಲಿ ಕಾಲಾಂತರದಲ್ಲಿ ತೆಗೆದ ಚಿತ್ರಕ್ಕೆ ಇರುವ ಈ ಬೆಲೆಯನ್ನು ನಮ್ಮ ಹವ್ಯಾಸಿಗಳು ಇನ್ನೂ ಪೂರ್ತಿ ಮನಗಂಡಿಲ್ಲ ಎಂದು ನನಗನಿಸುತ್ತದೆ.

ಆ ಕಾಲದ ಚಿತ್ರಗಳಲ್ಲಿ ಜನ ಕಾಣುವುದು ಅಪರೂಪ. ಹಾಗೆಂದು ಊರುಗಳು ಪಾಳು ಬಿದ್ದಿರಲಿಲ್ಲ. ಕಾಗದದ ನೆಗೆಟಿವ್‌ಗೆ ಬೆಳಕು ತಾಗಲು ನಿಮಿಷಗಟ್ಟಲೆ ಬೇಕಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲು ಮಾತ್ರ. ನಡೆದುಹೋದ ಮನುಷ್ಯ ಮಂಜಿನಂತೆ ಮಸುಕಾಗುತ್ತಿದ್ದ, ಇಲ್ಲವೇ ಪೂರ್ತಿ ಅಳಿಸಿಹೋಗುತ್ತಿದ್ದ. ಮುಂದಿನ ಒಂದೂವರೆ ಶತಮಾನದಲ್ಲಿ ಬೆಳಕು ಹಿಡಿಯುವ ಸಮಯ ನಿಮಿಷದಿಂದ ಸೆಕೆಂಡಿಗೆ, ಸೆಕೆಂಡಿನಿಂದ ಅದರ ಸಾವಿರದ ಒಂದು ಭಾಗಕ್ಕೆ ಇಳಿಯಿತು. ಸಮಯ ಕುಗ್ಗಿದ ಹಾಗೆಲ್ಲ ಚಿತ್ರದ ವಸ್ತುವೂ ಸಣ್ಣದಾಗುತ್ತ ಬಂತು: ಮೊದಲು ಗುಡಿ, ಆಮೇಲೆ ಮನುಷ್ಯ, ಆಮೇಲೆ ಹಕ್ಕಿ, ಈಗ ಜೇನು.

ಬಸವಕಲ್ಯಾಣ, ಹುಮನಾಬಾದ್ ಎರಡೂ 1948ರವರೆಗೆ ನಿಜಾಮರ ಸೀಮೆಯಲ್ಲಿದ್ದವು. ಹಾಗಾಗಿ ಇಲ್ಲಿನ ಚಿತ್ರಚರಿತ್ರೆ ಮೈಸೂರಿಗಿಂತ ಹೈದರಾಬಾದಿನ ಕಡೆಗೆ ಮುಖ ಮಾಡಿದೆ. ಜೇಮ್ಸ್ ಬರ್ಜೆಸ್ 1875-76ರಲ್ಲಿ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಕಟ್ಟಡಗಳ ಸರ್ವೆ ಮಾಡಿ 1878ರಲ್ಲಿ ಚಿತ್ರಸಹಿತ ವರದಿ ಹೊರತಂದ. ನಂತರದ ದೊಡ್ಡ ಹೆಸರು ಲಾಲಾ ದೀನ್ ದಯಾಳ್. ಇಂದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದಾಗ, 1874ರ ಸುಮಾರಿಗೆ, ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದ ಇವರು ಮುಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಪರದೆಯ ಹೆಂಗಸರಿಗೆಂದೇ 1892ರಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೊ ನಡೆಸಿದ್ದೂ ಅವರೇ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾದದ್ದು 1914ರಲ್ಲಿ. ಅದರ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಕುರಿತ ದೊಡ್ಡ ಪುಸ್ತಕ ಪ್ರಕಟಿಸಿದರು. ಅದರ ಚಿತ್ರಪುಟಗಳನ್ನು ಸಂಶೋಧಕರು ಇಂದಿಗೂ ತಿರುವಿ ಹಾಕುತ್ತಾರೆ. ಇವೆಲ್ಲ ಬೆಲೆಬಾಳುವ ಕೆಲಸಗಳೇ. ಆದರೆ ಎಲ್ಲದರ ಕಣ್ಣೂ ಗುಮ್ಮಟ, ಕಮಾನು, ಅರಮನೆಗಳ ಮೇಲೆ. ರೈತನ ಹೊಲ, ಹಿತ್ತಲಿನ ತುಳಸಿಗಿಡ ಆ ಪುಟಗಳೊಳಗೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಸಣ್ಣ ಊರುಗಳ ಫೋಟೊ ಎಂದರೆ ಸ್ಟುಡಿಯೊ. ಬಣ್ಣ ಬಳಿದ ಪರದೆ, ಅದರ ಮುಂದೊಂದು ಕುರ್ಚಿ, ಮದುವೆಯ ಆಲ್ಬಂ, ಪರೀಕ್ಷೆಯ ಅರ್ಜಿಗೆ ಪಾಸ್‌ಪೋರ್ಟ್ ಸೈಜು. ಮನೆಯಲ್ಲಿ ಕ್ಯಾಮೆರಾ ಇದ್ದವರ ಹತ್ತಿರ ಆಗ್ಫಾ ಕ್ಲಿಕ್ ಇರುತ್ತಿತ್ತು. ಒಂದು ರೋಲಿಗೆ 12 ಚಿತ್ರ. ಮುಂದೆ 35 ಮಿಲಿಮೀಟರ್ ರೋಲ್ ಬಂದಾಗ 36 ಆಯಿತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನ ದೇಶಿ ಫಿಲ್ಮ್ ಮಾಡಿದರೂ, ರೋಲು, ತೊಳೆಸುವುದು, ಪ್ರಿಂಟು ಎಲ್ಲ ಸೇರಿ ಖರ್ಚು ಕೈ ಕಚ್ಚುತ್ತಿತ್ತು. ಹನ್ನೆರಡರಲ್ಲಿ ಒಂದನ್ನು ಜೇನಿಗೋ ಮೋಡಕ್ಕೋ ಕೊಡುವ ಧೈರ್ಯ ಯಾರಿಗಿತ್ತು? ಅಜ್ಜಿ, ಕೂಸು, ಮದುಮಕ್ಕಳಿಗೆ ಆಗುವಷ್ಟರಲ್ಲಿ ರೋಲು ಮುಗಿಯುತ್ತಿತ್ತು.

ಈ ಕಾಲದಲ್ಲಿ ಕರ್ನಾಟಕದ ಹವ್ಯಾಸಿ ಛಾಯಾಗ್ರಹಣಕ್ಕೆ ಬೆನ್ನೆಲುಬಾದದ್ದು ಬೆಂಗಳೂರು. ಭಾರತೀಯ ಛಾಯಾಗ್ರಹಣ ಒಕ್ಕೂಟ 1953ರಲ್ಲಿ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು. 1840ರಿಂದ 1980ರವರೆಗಿನ ಭಾರತೀಯ ಛಾಯಾಗ್ರಹಣದ ಚರಿತ್ರೆ ಬರೆದವರೂ ಅವರೇ. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಒ.ಸಿ. ಎಡ್ವರ್ಡ್ಸ್ ಅವರಿಂದ ದೀಕ್ಷೆ ಪಡೆದ ಟಿ.ಎನ್.ಎ. ಪೆರುಮಾಳ್, ಅವರಂತೆಯೇ ಕಾಡು ಸುತ್ತಿದ ಇ. ಹನುಮಂತರಾವ್ ಮುಂತಾದವರು ಹಕ್ಕಿ, ಪ್ರಾಣಿಗಳ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರು ಮಾಡಿದರು. ನಮ್ಮ ಕಲ್ಯಾಣ ಕರ್ನಾಟಕದಿಂದ ಈ ಸಾಲಿಗೆ ಸೇರುವವರು ಸಂಡೂರಿನ ಎಂ.ವೈ. ಘೋರ್ಪಡೆ. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಅವರು ಕಪ್ಪು-ಬಿಳುಪಿನಲ್ಲಿ ತೆಗೆದ ವನ್ಯಜೀವಿಗಳ ಚಿತ್ರಗಳು 1983ರಲ್ಲಿ ಪುಸ್ತಕವಾಗಿ ಬಂದವು. ಬಜೆಟ್ ಮಂಡಿಸುವ ಮನುಷ್ಯ ನೆಲದ ಮೇಲೆ ಮಲಗಿ ಬೆಳಕಿಗೆ ಕಾಯುತ್ತಿದ್ದರೆಂಬುದು ಹೊತ್ತಿಲ್ಲ ಎನ್ನುವವರೆಲ್ಲ ನೆನಪಿಡಬೇಕಾದ ಮಾತು.

ಇವರೆಲ್ಲರಿಗಿಂತ ಸಣ್ಣ ಊರಿನ ಹವ್ಯಾಸಿಗೆ ಹೆಚ್ಚು ಕಲಿಸಬಲ್ಲವರು ಇಬ್ಬರು ಎಂಬುದು ನನ್ನ ಅಭಿಪ್ರಾಯ. ಒಬ್ಬರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ವೃತ್ತಿಯಲ್ಲಿ ಪತ್ರಿಕಾ ಛಾಯಾಗ್ರಾಹಕರಾದರೂ ಅವರ ಜೀವಾಳ ದಿನನಿತ್ಯದ ಬದುಕು. ಆಟದ ಹುಡುಗರು, ಕೂಲಿ ಹೆಂಗಸರು, ಶಾಲೆಯ ಮಕ್ಕಳು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಇನ್ನೊಬ್ಬರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತೋಟದಲ್ಲೇ ನೆಲೆನಿಂತು, ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಚಿತ್ರದ ಜೊತೆಗೆ ಕನ್ನಡದಲ್ಲಿ ಅವುಗಳ ವಿವರವನ್ನೂ ಬರೆದಿಟ್ಟರು. ಕ್ಯಾಮೆರಾದ ಕೆಲಸ ಕ್ಲಿಕ್ಕಿಗೆ ಮುಗಿಯುವುದಿಲ್ಲ, ಬರೆದಿಟ್ಟ ಮೇಲಷ್ಟೇ ಅದು ತಿಳಿವಳಿಕೆಯಾಗುತ್ತದೆ ಎಂದು ಕನ್ನಡಿಗರಿಗೆ ತೋರಿಸಿಕೊಟ್ಟವರು ಅವರು.

ಡಿಜಿಟಲ್ ಬಂದದ್ದೇ ರೋಲಿನ ಲೆಕ್ಕ ಮುರಿದುಬಿತ್ತು. ಆಮೇಲೆ ಮೊಬೈಲ್. ಒಂದು ನೂರು ಚಿತ್ರ ಕೆಟ್ಟರೂ ಕಿಸೆಯಿಂದ ಹೋಗುವುದೇನಿಲ್ಲ. ಹಿತ್ತಲಿನ ಜೇನು ಚಿತ್ರದೊಳಗೆ ಬಂದದ್ದು ಈ ಧಾರಾಳತನದಿಂದ. ಮೊಬೈಲಿನ ಸೆನ್ಸರ್ ಚಿಕ್ಕದಿರುವುದು ಇಲ್ಲಿ ಅನುಕೂಲವೇ, ಏಕೆಂದರೆ ಹೂವೂ ಹುಳವೂ ಎರಡೂ ಸ್ಪಷ್ಟವಾಗಿ ಬರುವ ಸಾಧ್ಯತೆ ಹೆಚ್ಚು. ಕ್ಯಾಮೆರಾ ಇದ್ದವರು ಹಳೆಯ 50 ಮಿಲಿಮೀಟರ್ ಲೆನ್ಸನ್ನು ಒಂದು ರಿಂಗ್ ಹಾಕಿ ತಿರುಗಾಮುರುಗಾ ಜೋಡಿಸಿಕೊಂಡರೆ ಅದೇ ಮ್ಯಾಕ್ರೊ ಲೆನ್ಸ್ ಆಗುತ್ತದೆ. ಜೇನಿನ ರೆಕ್ಕೆ ಸೆಕೆಂಡಿಗೆ 200 ಸಲಕ್ಕೂ ಹೆಚ್ಚು ಬಡಿಯುತ್ತದೆ. ಹಾರುವಾಗ ಹಿಡಿಯಬೇಕೆಂದರೆ ಶಟರ್ ಸಾವಿರದ ಒಂದು ಭಾಗಕ್ಕಿಂತಲೂ ವೇಗವಾಗಿರಬೇಕು, ಇಲ್ಲವೇ ಫ್ಲ್ಯಾಶ್ ಬೇಕು.

ನಮ್ಮ ಸೀಮೆಯ ಜೇನುಗಳನ್ನೇ ನೋಡಿ. ದೊಡ್ಡ ಮರ, ಹಳೆಯ ಕಮಾನುಗಳ ಅಡಿಯಲ್ಲಿ ಹುಟ್ಟು ಕಟ್ಟುವ ಹೆಜ್ಜೇನಿನ ಹತ್ತಿರ ಹೋಗಬಾರದು. ದೂರದ ಲೆನ್ಸಿನಿಂದ ನೋಡಿ ತೃಪ್ತಿಪಡಬೇಕು. ಪೊದೆಯಲ್ಲಿ ಒಂದೇ ಎರಿ ತೂಗಿಸಿಕೊಂಡಿರುವ ಕೋಲುಜೇನು ಸೌಮ್ಯ. ಪೊಟರೆಯಲ್ಲಿ ಗೂಡು ಮಾಡುವ ತುಡುವೆ, ಗೋಡೆಯ ಬಿರುಕಿನಿಂದ ಮೇಣದ ಸಣ್ಣ ಕೊಳವೆ ಹೊರಚಾಚಿರುವ ಚುಚ್ಚದ ನಸರಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವೇ ಹೆಚ್ಚು ಸ್ವಾರಸ್ಯದವು. ತೊಗರಿ ಹೂವಿಗೆ ಬರುವ ಎಲೆ ಕತ್ತರಿಸುವ ಒಂಟಿ ಜೇನು ಪರಾಗವನ್ನು ಕಾಲಿನಲ್ಲಿ ಅಲ್ಲ, ಹೊಟ್ಟೆಯ ಕೆಳಗಿನ ಕೂದಲಿನಲ್ಲಿ ಒಯ್ಯುತ್ತದೆ. ಹೂವಿನಿಂದ ಎದ್ದಾಗ ಹೊಟ್ಟೆ ಪೂರ್ತಿ ಹಳದಿ. ತುಳಸಿಯ ಕದಿರಿಗೆ ಬರುವ ನೀಲಿಪಟ್ಟೆಯ ಜೇನು ಹೂವಿನ ಮುಂದೆ ಗಾಳಿಯಲ್ಲೇ ನಿಂತು ನಾಲಿಗೆ ಚಾಚುತ್ತದೆ. ಬದನೆ, ಟೊಮೆಟೊ ಹೂವನ್ನು ಹಿಡಿದು ಮೈ ಝೇಂಕರಿಸಿ ಪರಾಗ ಉದುರಿಸುವುದು ಇದಕ್ಕೂ ಕರಿಯ ಬಡಗಿ ದುಂಬಿಗೂ ಸಾಧ್ಯ, ತುಡುವೆಗೆ ಸಾಧ್ಯವಿಲ್ಲ. ಹಗಲೆಲ್ಲ ಕೈಗೆ ಸಿಗದ ನೀಲಿಪಟ್ಟೆಯ ಗಂಡು ಜೇನುಗಳು ಸಂಜೆಯಾದರೆ ಒಣಗಿದ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು ಸಾಲಾಗಿ ನಿದ್ದೆಹೋಗುತ್ತವೆ. ಬಿಸಿಲು ಏರುವ ಮೊದಲು ಅದೇ ಕಡ್ಡಿಯ ಹತ್ತಿರ ಕುಳಿತರೆ ಮೈಮೇಲಿನ ಇಬ್ಬನಿಯೂ ಚಿತ್ರದಲ್ಲಿ ಬರುತ್ತದೆ. ಜೋಳ ಹೊಡೆ ಬಿಟ್ಟಾಗಲೂ ಹಾಗೆಯೇ. ತೆನೆಯ ಪರಾಗಕ್ಕೆ ಜೇನು ಮುತ್ತುವುದು ಬೆಳಗಿನ ಹೊತ್ತು.

ಹುಳ ಅಲುಗದಿರಲಿ ಎಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ ಚಿತ್ರ ತೆಗೆಯುವ ಚಾಳಿ ಕೆಲವೆಡೆ ಇದೆ. ಅದು ಕ್ರೌರ್ಯ, ಮೇಲಾಗಿ ಸುಳ್ಳು ಚಿತ್ರ. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ಒಂದು ಕಾಲದಲ್ಲಿ ದೊಡ್ಡವರೂ ಹೆಮ್ಮೆಯಿಂದ ತೆಗೆದರು. ಮರಿಗಳಿಗೆ ಅಪಾಯವೆಂದು ಅರಿತ ಮೇಲೆ ಹಲವು ಸ್ಪರ್ಧೆಗಳು ಅವನ್ನು ತಿರಸ್ಕರಿಸುತ್ತಿವೆ. ಜೇನಿನ ವಿಷಯದಲ್ಲೂ ಆ ವಿವೇಕ ಬರಬೇಕು.

ಭೂದೃಶ್ಯದ ಮಾತಿಗೆ ಬಂದರೆ ಇಲ್ಲಿ ಮಲೆನಾಡಿನ ಜಲಪಾತ, ದಟ್ಟ ಹಸಿರು ಇಲ್ಲ. ಜಂಬಿಟ್ಟಿಗೆಯ ಕೆಂಪು, ಎರೆಯ ಕಪ್ಪು, ಅಗಲವಾದ ಆಕಾಶ ಇವೆ. ಕಾರಂಜಾ ಜಲಾಶಯದ ಹಿನ್ನೀರು, ನಾರಾಯಣಪುರದ ಶಿವಾಲಯದ ಸುತ್ತಲಿನ ಹೊಲ, ಬಸವಕಲ್ಯಾಣದ ತ್ರಿಪುರಾಂತ ಕೆರೆ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಗೆ ಸೇರುವ ರಸ್ತೆಯ ಸಂಜೆ, ಇವೆಲ್ಲ ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಬೆಳಕು ಪಡೆಯುತ್ತವೆ. ದಿನನಿತ್ಯದ ಬದುಕಂತೂ ತುಂಬಿ ತುಳುಕುತ್ತದೆ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭಜ್ಜಿ, ರೊಟ್ಟಿ, ಅಂಬಲಿ, ಪೂಜೆಗೆಂದು ನಿಲ್ಲಿಸಿದ ಜೋಳದ ದಂಟಿನ ಕೊಂಪೆ, ಚರಗ ಚೆಲ್ಲುವ ಕೈ. ಈ ಹಬ್ಬದ ಒಂದು ಹೊಲವನ್ನು, ಒಂದೇ ಮನೆತನವನ್ನು ಪ್ರತಿ ವರ್ಷ ಚಿತ್ರಿಸುತ್ತ ಹೋದರೆ ಬೆಳೆ ಬದಲಾದದ್ದು, ಎತ್ತಿನ ಬಂಡಿ ಹೋಗಿ ಟ್ರ್ಯಾಕ್ಟರ್ ಬಂದದ್ದು, ಸೀರೆಯ ಬಣ್ಣ ಬದಲಾದದ್ದು ಎಲ್ಲವೂ ದಾಖಲಾಗುತ್ತವೆ. 2017ರ ಅಕ್ಟೋಬರ್ 29ರಂದು ಹುಮನಾಬಾದಿನ ಮೂಲಕ ಹಾದುಹೋಗುವ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಯಿತು. ಉದ್ಘಾಟನೆಯ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಇದೆ. ರೈಲು ಬರುವ ಮುಂಚಿನ ಹೊಲ, ಕಾಲುದಾರಿಗಳ ಚಿತ್ರ ಯಾರದಾದರೂ ಹಳೆಯ ಮೊಬೈಲಿನಲ್ಲಿದ್ದರೆ ಅದಕ್ಕೆ ಇಂದು ಹೆಚ್ಚಿನ ಬೆಲೆ.

ತೆಗೆದ ಚಿತ್ರ ಎಲ್ಲಿ ಹೋಗಬೇಕು? ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ನಾಳೆಗೆ ಅದು ಕಾಣೆ, ಜೊತೆಗೆ ಚಿತ್ರದ ಗುಣಮಟ್ಟವೂ ಕುಸಿದಿರುತ್ತದೆ. 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್, 2008ರಿಂದ ಇರುವ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಯಾರು ಬೇಕಾದರೂ ಬಳಸಬಹುದಾದ ತಾಣಗಳು. ಜೇನಿನ ಚಿತ್ರವನ್ನು ಜಾಗ, ದಿನಾಂಕದೊಂದಿಗೆ ಹಾಕಿದರೆ ಬಲ್ಲವರು ಅದರ ಜಾತಿ ಗುರುತಿಸಿಕೊಡುತ್ತಾರೆ. ಆ ಜೀವಿ ಎಲ್ಲೆಲ್ಲಿದೆ ಎಂಬ ನಕ್ಷೆಯಲ್ಲಿ ಹುಮನಾಬಾದಿನದೂ ಒಂದು ಚುಕ್ಕೆ ಸೇರುತ್ತದೆ. ಜನರ ಚಿತ್ರಕ್ಕೆ ಮಾತ್ರ ಬೇರೆ ನಿಯಮ. ಸಂತೆಯಲ್ಲಿ ಕುಳಿತ ತಾಯಿಯನ್ನು ಕೇಳದೆ ತೆಗೆಯುವುದು, ಕೇಳದೆ ಹಂಚುವುದು ಸಲ್ಲದು. ತೆಗೆದ ಮೇಲೆ ಒಂದು ಪ್ರಿಂಟು ಮಾಡಿಸಿ ಅವರ ಕೈಗೆ ಕೊಡುವುದು ಅತಿ ಕಡಿಮೆ ಖರ್ಚಿನ ಮರ್ಯಾದೆ.

ಬಸವಕಲ್ಯಾಣ, ಹುಮನಾಬಾದಿನ ಹವ್ಯಾಸಿಗಳಲ್ಲಿ ನನ್ನದೊಂದು ವಿನಂತಿ. ಈ ಹಂಗಾಮಿನಲ್ಲಿ ತೊಗರಿ ಹೂ ಬಿಟ್ಟಾಗ ನಿಮ್ಮ ಮನೆಗೆ ಹತ್ತಿರದ ಒಂದೇ ಹೊಲ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಬೆಳಗ್ಗೆ ಹೋಗಿ ಹೂವಿಗೆ ಬಂದ ಪ್ರತಿ ಜೇನಿನ ಚಿತ್ರ ತೆಗೆಯಿರಿ. ಪ್ರತಿಯೊಂದರ ಜೊತೆ ಊರು, ದಿನಾಂಕ, ಹೊತ್ತು, ಹೂವಿನ ಹೆಸರು ಕನ್ನಡದಲ್ಲೇ ಬರೆದಿಡಿ. ಮೂಲ ಫೈಲನ್ನು ಎರಡು ಕಡೆ ಉಳಿಸಿಕೊಳ್ಳಿ. ಮುಂದಿನ ವರ್ಷ ಮತ್ತೆ ಅದೇ ಹೊಲಕ್ಕೆ ಹೋಗಿ.